ಡ್ರಮ್ ಕಲಿತ ಕೈಗೆ ಸಿಕ್ಕ ಡಿಸ್ಕ್

ಅಣಶಿ ಘಟ್ಟ ಇಳಿದು ಕದ್ರಾ ಮುಟ್ಟಿದ ಮಾರುತಿ ಜಿಪ್ಸಿಯ ಮುಂದಿನ ಒಂದು ಚಕ್ರ ಕೈ ಇಡಲಾಗದಷ್ಟು ಕಾದು, ಅದರ ಜೋಡಿ ಚಕ್ರ ಬರೀ ಬೆಚ್ಚಗಿದ್ದರೆ ಮೊದಲ ಅನುಮಾನ ಡಿಸ್ಕನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರ್ ಮೇಲೆ. ಒಳಗಿನ ಪಿಸ್ಟನ್ ಮುಂದೆ ಹೋದದ್ದು ಹಿಂದೆ ಸರಿದಿಲ್ಲ. ಘಟ್ಟದುದ್ದಕ್ಕೂ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಬಂದಿದೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ‘ಪಿಸ್ಟನ್ ಜಾಮ್’ ಎನ್ನುತ್ತಾರೆ. ಅದಕ್ಕೆ ಸಿಗುವ ಉಪಚಾರವೂ ಗೊತ್ತಿರುವುದೇ. ಕ್ಯಾಲಿಪರ್ ಬಿಚ್ಚು, ಗಾಳಿ ಹೊಡೆದು ಪಿಸ್ಟನ್ ಹಾರಿಸು, ಪೆಟ್ರೋಲಿನಲ್ಲಿ ತೊಳೆ, ಎಮರಿ ಕಾಗದದಿಂದ ತಿಕ್ಕು, ಹೊಸ ರಬ್ಬರ್ ಕಿಟ್ ಹಾಕು, ಏರ್ ತೆಗೆ, ಗಾಡಿ ಕಳಿಸು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಗಾಡಿ ಅದೇ ಚಕ್ರ ಕಾಯಿಸಿಕೊಂಡು ಅದೇ ಗ್ಯಾರೇಜಿನ ಮುಂದೆ ಬಂದು ನಿಂತಿರುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆ ನಾನು ನೋಡುತ್ತ ಬಂದಿರುವ ಈ ರೂಢಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕ್ಯಾಲಿಪರನ್ನು ಗುಜರಿಗೆ ಹಾಕದೆ ಮತ್ತೆ ಕಟ್ಟಬೇಕೆಂಬ ನಿರ್ಧಾರ ಸರಿ. ಕಟ್ಟುವ ಕ್ರಮ ತಪ್ಪು. ಈ ತಪ್ಪಿನ ಮೂಲ ಸೋಮಾರಿತನದಲ್ಲಿಲ್ಲ, ಅರಿವುಗೇಡಿತನದಲ್ಲೂ ಇಲ್ಲ. ಡ್ರಮ್ ಬ್ರೇಕಿನಲ್ಲಿ ಪಳಗಿದ ಕೈ, ಅಲ್ಲಿ ಸರಿಯಾಗಿದ್ದ ನಿಯಮವನ್ನೇ ಡಿಸ್ಕಿಗೂ ತಂದು ಹಚ್ಚುತ್ತಿದೆ. ಅಲ್ಲಿ ಗುಣವಾಗಿದ್ದದ್ದು ಇಲ್ಲಿ ದೋಷವಾಗಿದೆ.

ಆ ಕೈ ಎಲ್ಲಿ ಪಳಗಿತು ಎಂಬುದು ಈ ಸೀಮೆಯ ಚರಿತ್ರೆಯಲ್ಲೇ ಇದೆ. ದಾಂಡೇಲಿಯ ಮರದ ಡಿಪೋಗಳು, 1950ರ ದಶಕದಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ, ಜೋಯಿಡಾದ ಕಾಡೊಳಗಿನ ಮ್ಯಾಂಗನೀಸ್ ಗಣಿಗಳು, ಆಮೇಲೆ ಕಾಳಿ ನದಿಗೆ ಸೂಪಾದಲ್ಲಿ ಎದ್ದ 101 ಮೀಟರ್ ಎತ್ತರದ ಅಣೆಕಟ್ಟು. ಇವೆಲ್ಲ ಜೀಪನ್ನು ಬೇಡಿದ ಕೆಲಸಗಳು. ಕಂಟ್ರಾಕ್ಟರನ ಜೀಪಿರಲಿ, ಅರಣ್ಯ ಇಲಾಖೆಯದಿರಲಿ, ಸಾಹೇಬರ ಅಂಬಾಸಿಡರ್ ಇರಲಿ, ಅಂದಿನ ಗಾಡಿಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಡಿಸ್ಕ್ ಬ್ರೇಕಿನ ಪೇಟೆಂಟನ್ನು ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ 1902ರಲ್ಲೇ ಪಡೆದಿದ್ದ. 1953ರಲ್ಲಿ ಲೆ ಮಾನ್ಸ್‌ನ 24 ತಾಸಿನ ಓಟವನ್ನು ಜಾಗ್ವಾರ್ ಗೆದ್ದದ್ದು ಡನ್‌ಲಪ್‌ನ ಡಿಸ್ಕ್ ಬ್ರೇಕಿನ ಬಲದಿಂದ. 1955ರಲ್ಲಿ ಸಿಟ್ರೋಯೆನ್ ಡಿಎಸ್ ಅದನ್ನು ಮನೆಮಂದಿಯ ಕಾರಿಗೂ ತಂದಿತು. ಆದರೆ ಕಾಳಿ ಕೊಳ್ಳದ ಮಿಸ್ತ್ರಿಯ ಕೈಗೆ ಡಿಸ್ಕು ಬಂದದ್ದು ಬಹುಮಟ್ಟಿಗೆ ಮಾರುತಿ ಗಾಡಿಗಳ ಜೊತೆಗೆ. ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ, ಜಿಪ್ಸಿ ಕಿಂಗ್ 1996ರಲ್ಲಿ. ಕಿಂಗ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಒಂದೇ ಗಾಡಿಯಲ್ಲಿ ಎರಡು ವಿದ್ಯೆ. ಕಲಿತದ್ದು ಮಾತ್ರ ಒಂದು.

ಈಗ ಆ ಎರಡು ವಿದ್ಯೆ ಎಲ್ಲಿ ಬೇರೆಯಾಗುತ್ತವೆ ನೋಡೋಣ. ಡ್ರಮ್ಮಿನೊಳಗೆ ವೀಲ್ ಸಿಲಿಂಡರ್ ಇರುತ್ತದೆ. ಅಲ್ಲಿ ರಬ್ಬರ್ ಬಟ್ಟಲು ಪಿಸ್ಟನ್ನಿನ ಬೆನ್ನಿಗೆ ಅಂಟಿಕೊಂಡು ಅದರ ಜೊತೆಗೇ ಓಡಾಡುತ್ತದೆ. ರಬ್ಬರ್ ಉಜ್ಜುವುದು ಸಿಲಿಂಡರಿನ ಒಳಗೋಡೆಯನ್ನು. ಆದ್ದರಿಂದ ಎಣ್ಣೆ ಸೋರದಂತೆ ತಡೆಯುವ ಮೈ ಆ ಒಳಗೋಡೆ, ಅದು ಕನ್ನಡಿಯಂತಿರಬೇಕು. ಪಿಸ್ಟನ್ ಮೇಲೆ ಸಣ್ಣಪುಟ್ಟ ಗೀರಿದ್ದರೂ ಬ್ರೇಕ್ ಹಿಡಿಯುತ್ತದೆ. ಹಳೆಯ ಮಿಸ್ತ್ರಿಗಳು ಸಿಲಿಂಡರಿಗೆ ಹೋನಿಂಗ್ ಮಾಡಿ, ಪಿಸ್ಟನ್ನನ್ನು ಎಮರಿಯಿಂದ ತಿಕ್ಕಿ ಹಾಕುತ್ತಿದ್ದದ್ದು ಈ ಲೆಕ್ಕದಲ್ಲೇ, ಮತ್ತು ಆ ಲೆಕ್ಕ ಸರಿಯಾಗಿಯೇ ಇತ್ತು.

ಕ್ಯಾಲಿಪರಿನಲ್ಲಿ ಇದು ಪೂರ್ತಿ ತಿರುವುಮುರುವು. ಇಲ್ಲಿ ಚೌಕ ಅಂಚಿನ ರಬ್ಬರ್ ಉಂಗುರವೊಂದು ಕ್ಯಾಲಿಪರಿನ ಒಳಗೋಡೆಯಲ್ಲಿ ಕೊರೆದ ಕಾಲುವೆಯೊಳಗೆ ಕದಲದೆ ಕೂತಿರುತ್ತದೆ. ಅದರ ನಡುವಿನಿಂದ ಪಿಸ್ಟನ್ ಹಾಯುತ್ತದೆ. ರಬ್ಬರಿಗೆ ತಾಗುವುದು ಪಿಸ್ಟನ್ನಿನ ಹೊರಮೈ. ಒಳಗೋಡೆಗೆ ರಬ್ಬರಿನ ಉಜ್ಜಾಟವೇ ಇಲ್ಲ. ಎಣ್ಣೆಯನ್ನು ತಡೆಯುವುದು ಪಿಸ್ಟನ್ನಿನ ಕ್ರೋಮ್ ಲೇಪ. ಅದನ್ನೇ ನಾವು ಎಮರಿಯಿಂದ ತಿಕ್ಕುತ್ತಿದ್ದೇವೆ. ಕ್ರೋಮ್ ಪದರ ಕೂದಲಿಗಿಂತ ತೆಳು. ಒಮ್ಮೆ ತಿಕ್ಕಿದರೆ ತುಕ್ಕಿನ ಕಲೆ ಹೋಗುತ್ತದೆ, ಜೊತೆಗೆ ಲೇಪವೂ ಹೋಗುತ್ತದೆ, ಕೆಳಗಿನ ಉಕ್ಕು ಬಯಲಾಗುತ್ತದೆ. ಬಯಲಾದ ಉಕ್ಕು ಒಂದೇ ಮಳೆಗಾಲದಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಹೊಸ ಕಿಟ್ಟಿನ ನುಣುಪು ರಬ್ಬರು ಆ ಒರಟು ತುಕ್ಕನ್ನು ಅಪ್ಪಿಕೊಂಡು ಕೂರುತ್ತದೆ. ಗಾಡಿ ಮತ್ತೆ ಅದೇ ಗ್ಯಾರೇಜಿಗೆ ಬರುವುದು ಹೀಗೆ.

ಆ ರಬ್ಬರ್ ಉಂಗುರಕ್ಕೆ ಇನ್ನೊಂದು ಕೆಲಸವೂ ಇದೆ, ಡ್ರಮ್ ಕಲಿತವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಡ್ರಮ್ಮಿನಲ್ಲಿ ಬ್ರೇಕ್ ಬಿಟ್ಟ ಕೂಡಲೇ ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗುಗಳಿವೆ. ಕ್ಯಾಲಿಪರಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತ ಉಂಗುರದ ಒಳ ಅಂಚನ್ನು ತುಸು ತಿರುಚುತ್ತದೆ. ಬಿಟ್ಟಾಗ ಉಂಗುರ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಕೂದಲೆಳೆಯೇ ಚಕ್ರ ಬಿಡುಬೀಸಾಗಿ ತಿರುಗುವುದಕ್ಕೂ ಉಜ್ಜುತ್ತ ಕಾಯುವುದಕ್ಕೂ ನಡುವಿನ ಅಂತರ. ಉಂಗುರ ಕೂರುವ ಕಾಲುವೆಯ ತಳದಲ್ಲಿ ತುಕ್ಕು ಗಟ್ಟಿಯಾಗಿದ್ದರೆ ಅದು ಉಂಗುರವನ್ನು ಒಳಗಿನಿಂದ ಒತ್ತಿ ಪಿಸ್ಟನ್ ಮೇಲೆ ಬಿಗಿಯಾಗಿಸುತ್ತದೆ, ಹಿಂದೆಳೆಯುವ ಆಟ ನಿಲ್ಲುತ್ತದೆ. ನಾನು ಕಂಡ ಹೆಚ್ಚಿನ ಕೆಲಸಗಳಲ್ಲಿ ಒಳಗೋಡೆಯನ್ನು ಹೊಳೆಯುವಂತೆ ತಿಕ್ಕಿರುತ್ತಾರೆ, ಕಾಲುವೆಯನ್ನು ಮುಟ್ಟಿರುವುದಿಲ್ಲ. ಬೇಡದ ಕಡೆ ಶ್ರಮ, ಬೇಕಾದ ಕಡೆ ಮರೆವು. ಹಿತ್ತಾಳೆಯ ಕಡ್ಡಿಯನ್ನೋ ಬಿದಿರಿನ ಚೂಪು ಕಡ್ಡಿಯನ್ನೋ ಹಿಡಿದು ಕಾಲುವೆಯನ್ನು ಸುತ್ತಲೂ ಕೆರೆಯಬೇಕು. ಸ್ಕ್ರೂಡ್ರೈವರ್ ಹಾಕಿದರೆ ಅಂಚಿಗೆ ಗೀರು ಬಿದ್ದು ಕ್ಯಾಲಿಪರೇ ಹಾಳು.

ಪೆಟ್ರೋಲಿನ ವಿಷಯಕ್ಕೆ ಬರುತ್ತೇನೆ. ಗ್ಲೈಕಾಲ್ ಜಾತಿಯ ಬ್ರೇಕ್ ಆಯಿಲಿಗೆ ಹೊಂದುವಂತೆ ಮಾಡಿದ ರಬ್ಬರು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ತಾಗಿದರೆ ಉಬ್ಬುತ್ತದೆ. ತೊಳೆದ ಕ್ಯಾಲಿಪರಿನ ಮೂಲೆಯಲ್ಲಿ ಉಳಿದ ನಾಲ್ಕು ಹನಿ ಸಾಕು. ಉಬ್ಬಿದ ಉಂಗುರ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ. ಆಗ ದೂರು ಕಿಟ್ಟಿನ ಮೇಲೆ ಬೀಳುತ್ತದೆ, ‘ಡೂಪ್ಲಿಕೇಟ್ ಮಾಲು’ ಎಂದು. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಚಾಸಿಗೆ ಹಚ್ಚುವ ಗ್ರೀಸ್ ಮೆತ್ತುವುದೂ ಇದೇ ಪೈಕಿ. ಆ ಪಿನ್ನಿನ ರಬ್ಬರ್ ಬೂಟು ಕೆಲವು ತಿಂಗಳಲ್ಲಿ ಉಬ್ಬಿ ಬಾಯಿ ತೆರೆಯುತ್ತದೆ, ಒಳಗೆ ನೀರು ಇಳಿಯುತ್ತದೆ, ಪಿನ್ನು ಕಚ್ಚುತ್ತದೆ, ಒಳಗಿನ ಪ್ಯಾಡು ಸವೆದು ತಗಡಾದರೂ ಹೊರಗಿನದು ಹೊಸದರಂತೆಯೇ ಉಳಿಯುತ್ತದೆ. ತೊಳೆಯಲು ಹೊಸ ಬ್ರೇಕ್ ಆಯಿಲನ್ನೋ ಬ್ರೇಕ್ ಕ್ಲೀನರನ್ನೋ ಬಳಸಬೇಕು. ಪಿನ್ನಿಗೆ ಸಿಲಿಕೋನ್ ಗ್ರೀಸ್ ಅಥವಾ ಕೆಂಪು ಬಣ್ಣದ ರಬ್ಬರ್ ಗ್ರೀಸ್. ಇದಕ್ಕೆ ತಗಲುವ ಹೆಚ್ಚಿನ ಖರ್ಚು ಒಂದು ಊಟದ ಬೆಲೆಯನ್ನೂ ಮೀರುವುದು ಕಷ್ಟ. ಇಷ್ಟು ಅಗ್ಗದ ಎಚ್ಚರವನ್ನು ಬಿಟ್ಟುಕೊಟ್ಟಿರುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಗಾಳಿ ಹೊಡೆದು ಪಿಸ್ಟನ್ ಹಾರಿಸುವ ಪದ್ಧತಿಯಂತೂ ಅಪಾಯಕಾರಿ. 50 ಮಿ.ಮೀ. ಅಗಲದ ಪಿಸ್ಟನ್ ಎಂದುಕೊಳ್ಳಿ. ಚದರ ಸೆಂಟಿಮೀಟರಿಗೆ ಏಳು ಕೆ.ಜಿ. ಒತ್ತಡದ ಗಾಳಿ ಅದರ ಬೆನ್ನ ಮೇಲೆ 130 ಕೆ.ಜಿ.ಗೂ ಮಿಕ್ಕಿದ ಬಲ ಹಾಕುತ್ತದೆ. ಅದರ ಎದುರಿಗೆ ಬೆರಳಿಡುವ ಹುಡುಗರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕ್ಯಾಲಿಪರನ್ನು ಹೋಸ್ ಪೈಪಿನಿಂದ ಬಿಡಿಸುವ ಮೊದಲೇ ಪ್ಯಾಡ್ ತೆಗೆದು, ಎದುರಿಗೆ ಮರದ ತುಂಡು ಕೊಟ್ಟು, ಪೆಡಲನ್ನೇ ಮೆಲ್ಲಗೆ ಒತ್ತಿದರೆ ಪಿಸ್ಟನ್ ತಾನಾಗಿ ಹೊರಗೆ ಬರುತ್ತದೆ. ತೇಗದ ಚೂರಿಗೆ ದಾಂಡೇಲಿಯಲ್ಲಿ ಬರವೇನಿಲ್ಲ.

ಇಷ್ಟೆಲ್ಲ ತುಕ್ಕು ಬರುವುದು ಎಲ್ಲಿಂದ? ಹೊರಗಿನ ಮಳೆಯಿಂದ ಎಂಬುದು ಅರ್ಧ ಉತ್ತರ. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಮುಂಡಗೋಡಕ್ಕೆ ಬರುವಷ್ಟರಲ್ಲಿ ಅದೇ ಮಳೆ ಹಲವು ಪಟ್ಟು ಇಳಿದಿರುತ್ತದೆ. ಧೂಳು ತಡೆಯುವ ರಬ್ಬರ್ ಬೂಟು ಹರಿದಿದ್ದರೆ ಗಣೇಶಗುಡಿ, ಜಗಲಬೇಟದ ಕೆಂಪು ಕೆಸರು ನೇರ ಪಿಸ್ಟನ್ ಮೇಲೆ ಕೂರುತ್ತದೆ. ಆದರೆ ಉಳಿದರ್ಧ ಒಳಗಿನ ನೀರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಸೇರಿದ ನೀರು ಒಳಗಿಂದ ತುಕ್ಕು ಹಿಡಿಸುತ್ತದೆ, ಘಟ್ಟದಲ್ಲಿ ಕುದಿಯುತ್ತದೆ, ಕುದಿದ ಆವಿ ಪೆಡಲನ್ನು ಮೆತ್ತಗಾಗಿಸುತ್ತದೆ.

ಘಟ್ಟದಲ್ಲಿ ಎಷ್ಟು ಬಿಸಿ ಹುಟ್ಟುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಜನ, ಸಾಮಾನು ಸೇರಿ 1500 ಕೆ.ಜಿ. ತೂಗುವ ಗಾಡಿ 100 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ನಾಲ್ಕೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಸಾಕು. ಅಣಶಿ ಇಳಿತ ಅದರ ಹಲವು ಪಟ್ಟು. ಕೆಳ ಗೇರಿನಲ್ಲಿ ಇಳಿದರೆ ಎಂಜಿನ್ ಅದರಲ್ಲಿ ದೊಡ್ಡ ಪಾಲನ್ನು ಹೊರುತ್ತದೆ; ನ್ಯೂಟ್ರಲ್‌ನಲ್ಲಿ ತೇಲಿಸಿಕೊಂಡು ಬರುವ ಚಾಲಕ ಪೂರ್ತಿ ಹೊರೆಯನ್ನು ಬ್ರೇಕಿಗೆ ಹಾಕುತ್ತಾನೆ, ಅದರಲ್ಲೂ ಹೆಚ್ಚಿನದು ಮುಂದಿನ ಎರಡು ಡಿಸ್ಕುಗಳಿಗೆ. ಹಳಿಯಾಳದ ಕಬ್ಬಿನ ಸೀಮೆಯಲ್ಲಿ, ಮುಂಡಗೋಡದ ಬಯಲು ದಾರಿಯಲ್ಲಿ ಇದೇ ಕ್ಯಾಲಿಪರ್ ವರ್ಷಗಟ್ಟಲೆ ದೋಷ ಮುಚ್ಚಿಟ್ಟುಕೊಂಡು ಓಡುತ್ತದೆ. ಒಂದು ದಿನ ಮನೆಮಂದಿಯನ್ನು ಕೂರಿಸಿಕೊಂಡು ಕಾರವಾರದ ದಾರಿ ಹಿಡಿದಾಗ ಬಯಲಾಗುತ್ತದೆ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಆಯಿಲ್ ಪೂರ್ತಿ ಬದಲಿಸುವುದು ಈ ಸೀಮೆಯ ಮಟ್ಟಿಗೆ ಕಡ್ಡಾಯವಾಗಬೇಕಾದ ಕೆಲಸ. ಇಲ್ಲಿ ನಡೆಯುವುದು ಕಡಿಮೆಯಾದಷ್ಟನ್ನು ಮೇಲಿಂದ ಸುರಿಯುವುದು ಮಾತ್ರ. ಕ್ಯಾಲಿಪರಿನ ತಳದಲ್ಲಿ ಕೂತ ಹಳೆಯ ನೀರು ಅದರಿಂದ ಕದಲುವುದೇ ಇಲ್ಲ.

ಹೊಸ ಕ್ಯಾಲಿಪರ್ ತಂದು ಹಾಕಿದರೆ ಇಷ್ಟೆಲ್ಲ ರಗಳೆ ಇರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾದ 2019ರ ಹೊತ್ತಿಗೆ ಜಿಪ್ಸಿ ಸಾರ್ವಜನಿಕ ಮಾರಾಟದಿಂದ ಮರೆಯಾಯಿತು. ಕಂಪನಿಯ ಹೊಸ ಕ್ಯಾಲಿಪರ್ ಸಿಕ್ಕರೆ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಮಾಲಿನ ಬಗ್ಗೆ ನನಗೆ ಭರವಸೆ ಇಲ್ಲ. ಎರಕದ ಗುಣ ಹೊರಗಿನಿಂದ ಕಾಣುವುದಿಲ್ಲ. ಬ್ರೇಕನ್ನು ಬಲವಾಗಿ ಒತ್ತಿದಾಗ ಅದೇ 50 ಮಿ.ಮೀ. ಪಿಸ್ಟನ್ ಹತ್ತಿರ ಹತ್ತಿರ ಒಂದು ಟನ್ ಬಲದಿಂದ ಪ್ಯಾಡನ್ನು ನೂಕಬಹುದು, ಆ ಬಲದ ಎದುರು ಕ್ಯಾಲಿಪರಿನ ಸೇತುವೆ ಬಾಗಬಾರದು. ಇಪ್ಪತ್ತು ವರ್ಷ ಆ ಬಲ ತಡೆದು ತೋರಿಸಿದ ಹಳೆಯ ಎರಕ ನನಗೆ ಹೆಚ್ಚು ನಂಬಿಕೆಯದು. ಸವೆಯುವುದು ಪಿಸ್ಟನ್, ಉಂಗುರ, ಬೂಟು, ಪಿನ್ನು, ಏರ್ ತೆಗೆಯುವ ನಿಪ್ಪಲ್. ಇವನ್ನು ಬದಲಿಸಿದರೆ ಕ್ಯಾಲಿಪರ್ ಹೊಸದೇ.

ಈ ಮಾತಿನಲ್ಲಿ ಪಿಸ್ಟನ್ ಮೊದಲು ಬಂದಿರುವುದನ್ನು ಗಮನಿಸಬೇಕು. ರಬ್ಬರ್ ಕಿಟ್ ಮಾತ್ರ ಹಾಕಿ ಹಳೆಯ ಪಿಸ್ಟನ್ ಉಳಿಸುವುದು ಪಿಸ್ಟನ್ ಮೈ ಉಗುರಿಗೆ ನುಣುಪಾಗಿ ತಾಗಿದರೆ ಮಾತ್ರ ಸರಿ. ಉಂಗುರ ಓಡಾಡುವ ಪಟ್ಟಿಯಲ್ಲಿ ಒಂದೇ ಒಂದು ಗುಂಡಿ ಉಗುರಿಗೆ ಸಿಕ್ಕರೂ ಅದನ್ನು ಬಿಟ್ಟುಬಿಡಬೇಕು. ಬದಲಿ ಎಲ್ಲಿ ಎಂದರೆ, ನಮ್ಮ ಸೀಮೆಗೆ ಒಂದು ಭಾಗ್ಯವಿದೆ: ಪಕ್ಕದಲ್ಲೇ ಬೆಳಗಾವಿ. ಎರಕದ ಫೌಂಡ್ರಿಗಳಿಗೂ ಹೈಡ್ರಾಲಿಕ್ ಬಿಡಿಭಾಗಗಳ ತಯಾರಿಕೆಗೂ ದೇಶದಲ್ಲೇ ಹೆಸರಾದ ಊರು. ಹೈಡ್ರಾಲಿಕ್ ಸಿಲಿಂಡರಿನ ದಂಡವನ್ನು ಮೈಕ್ರಾನ್ ಲೆಕ್ಕದಲ್ಲಿ ಗ್ರೈಂಡ್ ಮಾಡುವ ಕೈಗಳಿಗೆ ಬ್ರೇಕ್ ಪಿಸ್ಟನ್ ದೊಡ್ಡ ಸವಾಲಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿಸಿದರೆ ತುಕ್ಕಿನ ಕಥೆ ಮುಗಿಯಿತು. ಸಾಮಾನ್ಯ ಉಕ್ಕಿಗಿಂತ ಅದು ಬಿಸಿಯನ್ನು ಆಯಿಲಿಗೆ ದಾಟಿಸುವುದೂ ಕಡಿಮೆ. ಆದರೆ ಲೇತಿನಲ್ಲಿ ತಿರುವಿ ಹಾಗೇ ಹಾಕಬಾರದು. ಲೇತ್ ಉಳಿಸುವ ಸುರುಳಿ ಗೆರೆ ಕಣ್ಣಿಗೆ ಕಾಣದಿದ್ದರೂ ಒತ್ತಡದ ಎಣ್ಣೆಗೆ ಅದೇ ದಾರಿ. ತಿರುವಿದ ಮೇಲೆ ಗ್ರೈಂಡಿಂಗ್, ಆಮೇಲೆ ಪಾಲಿಶ್, ಹಳೆಯ ಪಿಸ್ಟನ್ನಿನ ಸವೆಯದ ಭಾಗಕ್ಕೆ ಮೈಕ್ರೋಮೀಟರ್ ಹಿಡಿದು ಅಳತೆ. ಎಮರಿ ಕಾಗದದ ಬದಲಿಗೆ ಬೆಳಗಾವಿಯ ಬಸ್ಸು ಹತ್ತಿದ ಮಿಸ್ತ್ರಿಗಳೂ ನಮ್ಮಲ್ಲಿ ಇದ್ದಾರೆ. ಅವರ ಕೆಲಸವನ್ನು ಮನಸಾರೆ ಮೆಚ್ಚಬೇಕು.

ಮೆಚ್ಚಬೇಕಾದ್ದು ಇನ್ನೂ ಇದೆ. ಚಕ್ರದ ಬಿಸಿಯನ್ನು ಅಂಗೈಯಿಂದಲೇ ಅಳೆದು ದೋಷ ಕ್ಯಾಲಿಪರಿನದೋ, ಒಳಗೆ ಊದಿ ಮುಚ್ಚಿಕೊಂಡ ಹೋಸ್ ಪೈಪಿನದೋ ಎಂದು ಹೇಳುವ ಜಾಣ್ಮೆ ಇಲ್ಲಿನ ಹಿರಿಯರಿಗಿದೆ. ನಿಪ್ಪಲ್ ಸಡಿಲಿಸಿದ ಕೂಡಲೇ ಚಕ್ರ ತಿರುಗಿದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು, ದೋಷ ಪೈಪಿನದು ಅಥವಾ ಅದರ ಮೇಲಿನ ಭಾಗದ್ದು. ಆಗಲೂ ತಿರುಗದಿದ್ದರೆ ಪಿಸ್ಟನ್ ಅಥವಾ ಪಿನ್ನು. ಒಂದು ಪಾನಾ ಹಿಡಿದು ಒಂದು ನಿಮಿಷದಲ್ಲಿ ಮಾಡುವ ಈ ಪರೀಕ್ಷೆ ಪುಸ್ತಕ ಓದಿ ಬಂದದ್ದಲ್ಲ. ತುಕ್ಕು ಹಿಡಿದ ನಿಪ್ಪಲನ್ನು ಮುರಿಯದೆ, ಕಾಯಿಸಿ ತಣಿಸಿ ಬಿಡಿಸುವ ತಾಳ್ಮೆಯನ್ನೂ ಕಂಡಿದ್ದೇನೆ. ಇಂಥ ಕೈಗಳಿಗೆ ಉಂಗುರ ಎಲ್ಲಿ ಕೂತಿದೆ, ಯಾವ ಮೈಗೆ ತಾಗುತ್ತದೆ ಎಂಬುದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು ಎಂಬುದು ನನ್ನ ನಂಬಿಕೆ.

ಹಳೆಯ ಮಹೀಂದ್ರಾ ಜೀಪಿನ ಡ್ರಮ್ ತೆಗೆದು ಡಿಸ್ಕ್ ಕೂರಿಸುವ ಹೊಸ ಹುಮ್ಮಸ್ಸಿನ ಬಗ್ಗೆ ನನಗೆ ಅಷ್ಟು ಸಹನೆ ಇಲ್ಲ. ಡ್ರಮ್ಮಿಗೆಂದು ಮಾಡಿದ ಹಲವು ಮಾಸ್ಟರ್ ಸಿಲಿಂಡರುಗಳು ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ತುಸು ಒತ್ತಡ ಉಳಿಸುವ ಕವಾಟ ಹೊಂದಿರುತ್ತವೆ. ಡ್ರಮ್ಮಿನ ಸ್ಪ್ರಿಂಗುಗಳು ಅದನ್ನು ಸಲೀಸಾಗಿ ಮೀರುತ್ತವೆ. ಅದೇ ಒತ್ತಡ ಡಿಸ್ಕಿನಲ್ಲಿ ಪ್ಯಾಡನ್ನು ಸದಾ ಉಜ್ಜಿಸುತ್ತದೆ. ಕ್ಯಾಲಿಪರಿನ ದೊಡ್ಡ ಪಿಸ್ಟನ್ನಿಗೆ ಬೇಕಾದಷ್ಟು ಎಣ್ಣೆಯನ್ನು ಹಳೆಯ ಮಾಸ್ಟರ್ ಒಂದೇ ಒತ್ತಿಗೆ ತಳ್ಳಲಾರದು. ವೆಲ್ಡ್ ಮಾಡಿದ ಬ್ರಾಕೆಟ್ಟಿನ ಮೇಲೆ ಜನರ ಜೀವ ನೇತಾಡುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿಯೂ ಇದೆ. ಆ ಜೀಪಿಗೆ ಅದರ ಡ್ರಮ್ಮನ್ನೇ ಸರಿಯಾಗಿ ಕಟ್ಟಿಕೊಟ್ಟರೆ ಅದು ಇಂದಿಗೂ ಚೆನ್ನಾಗಿ ನಿಲ್ಲುತ್ತದೆ, ಮತ್ತು ಆ ವಿದ್ಯೆ ನಮ್ಮ ಮಿಸ್ತ್ರಿಗಳ ಕೈಯಲ್ಲಿ ತುಂಬಿ ತುಳುಕುತ್ತಿದೆ.

ದೋಷವನ್ನೆಲ್ಲ ಗ್ಯಾರೇಜಿನ ಮೇಲೆ ಹೊರಿಸಿದರೆ ಅನ್ಯಾಯವಾಗುತ್ತದೆ. “ಎರಡೂ ಕಡೆ ಬಿಚ್ಚಬೇಕ್ರೀ ಸಾಹೇಬ್ರ, ಪಿಸ್ಟನ್ ಹೊಸಾದು ಮಾಡಿಸ್ಬೇಕು, ನಾಕು ದಿನ ಗಾಡಿ ಇಲ್ಲೇ ಇರ್ಲಿ” ಎಂದು ಮಿಸ್ತ್ರಿ ಹೇಳಿದರೆ, “ಸಂಜಿಗೆ ಗಾಡಿ ಬೇಕಲ್ಲೋ ತಮ್ಮಾ, ಹೆಂಗರ ಮಾಡಿ ಕೊಡು” ಎನ್ನುವವರು ನಾವೇ. 2022ರ ಏಪ್ರಿಲ್‌ನಲ್ಲಿ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5000 ರೂಪಾಯಿಗೆ ಏರಿದಾಗ ಗೊಣಗುತ್ತಲೇ ಕಟ್ಟಿದೆವು. ಬ್ರೇಕಿನ ಕೆಲಸಕ್ಕೆ ಅಷ್ಟೇ ಹಣ ಕೇಳಿದರೆ ಚೌಕಾಸಿಗೆ ಇಳಿಯುತ್ತೇವೆ. ಫಿಟ್‌ನೆಸ್ ಪರೀಕ್ಷೆಯಲ್ಲಿ ಗಾಡಿ ನಿಲ್ಲುತ್ತದೋ ಇಲ್ಲವೋ ನೋಡುತ್ತಾರೆ, ಕ್ಯಾಲಿಪರ್ ಬಿಚ್ಚಿ ಯಾರೂ ನೋಡುವುದಿಲ್ಲ. ಸಂಜೆಯೊಳಗೆ ಮುಗಿಯಬೇಕಾದ ಕೆಲಸಕ್ಕೆ ಎಮರಿ ಕಾಗದವೇ ಗತಿ. ಒಳ್ಳೆಯ ಕೆಲಸ ಬೇಕೆನ್ನುವವರು ಎರಡು ಕ್ಯಾಲಿಪರಿಗೆ ಪೂರ್ತಿ ಒಂದು ದಿನದ ಕೂಲಿಯನ್ನೂ, ಪಿಸ್ಟನ್ನಿಗಾಗಿ ಕಾಯುವ ದಿನಗಳನ್ನೂ ಕೊಡಲು ಸಿದ್ಧರಿರಬೇಕು.

ಗಾಡಿ ತಿರುಗಿ ಪಡೆಯುವಾಗ ಮಾಲೀಕರು ತಾವೇ ನೋಡಬಹುದಾದ ಕೆಲವು ಸಂಗತಿಗಳಿವೆ. ಏರ್ ತೆಗೆಯುವ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಕೆಳಗಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದೆ, ಒಳಗಿನ ಗಾಳಿ ಎಷ್ಟು ಒತ್ತಿದರೂ ಹೊರಬರುವುದಿಲ್ಲ. ಹೋಸ್ ಪೈಪಿನ ಬೋಲ್ಟಿನ ಎರಡೂ ಬದಿ ತಾಮ್ರದ ವಾಷರ್ ಹೊಸದಾಗಿ ಮಿನುಗುತ್ತಿರಬೇಕು. ಹೋಸ್ ಪೈಪ್ ತಿರುಚಿರಬಾರದು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೆ ತಾಗಬಾರದು. ಹಳೆಯ ಪಿಸ್ಟನ್ನನ್ನು ಕೈಗೆ ಕೇಳಿ ತೆಗೆದುಕೊಂಡು ಉಗುರು ಆಡಿಸಿ ನೋಡಬೇಕು. ಆಮೇಲೆ ಹಳಿಯಾಳ ರಸ್ತೆಯಂಥ ಖಾಲಿ, ಸಮತಟ್ಟಾದ ದಾರಿಯಲ್ಲಿ ಹಿಂದೆಮುಂದೆ ಗಾಡಿಗಳಿಲ್ಲದಾಗ ನಡುವೇಗದಿಂದ ಹದವಾಗಿ ಬ್ರೇಕ್ ಹಿಡಿದು ಬಿಡುತ್ತ, ನಡುವೆ ತಣಿಯಲು ಬಿಡುತ್ತ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು. ಮರುದಿನ ಬೆಳಿಗ್ಗೆ ಒಳಗಡೆಯಿಂದ ಟೈರಿನ ಪಕ್ಕೆಗೂ ನಿಪ್ಪಲಿನ ಬುಡಕ್ಕೂ ಕೈಯಾಡಿಸಿ ಒದ್ದೆ ಇದೆಯೇ ನೋಡಬೇಕು. ಒಣಗಿದ್ದರೆ, ಎರಡೂ ಚಕ್ರ ಒಂದೇ ಸಮ ಬೆಚ್ಚಗಾಗುತ್ತಿದ್ದರೆ, ಗಾಡಿಯನ್ನು ಅಣಶಿಗೆ ಒಯ್ಯಬಹುದು, ಕೆಳ ಗೇರಿನಲ್ಲಿ.